ಎರಡು ಡ್ರೈವ್, ಎರಡು ಮನೆ

ಹಾರ್ಡ್ ಡಿಸ್ಕ್ ಬೇಡ ಎಂದವಳು ನಾನು. ಈ ಒಂದು ವಿಷಯದಲ್ಲಿ ನನ್ನ ನೆನಪೂ ನನ್ನ ಗಂಡನ ನೆನಪೂ ಒಂದೇ. ಉಳಿದದ್ದರ ಬಗ್ಗೆ ಅಷ್ಟು ಭರವಸೆ ಇಲ್ಲ. ಬರೆಯಲು ಕೂತ ಕೂಡಲೇ ನೆನಪು ತಲೆ ಬಾಚಿಕೊಂಡು, ಫೋಟೋ ಸ್ಟುಡಿಯೋದಲ್ಲಿ ಕೂತವರ ಹಾಗೆ, ನೆಟ್ಟಗೆ ಕೂತುಬಿಡುತ್ತದೆ. ಆದ್ದರಿಂದ ಎಲ್ಲಿ ನಮ್ಮಿಬ್ಬರ ಮಾತು ಬೇರೆಯಾಗುತ್ತದೋ ಅಲ್ಲಿ ಹಾಗೆಂದು ಹೇಳಿಬಿಡುತ್ತೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಧುಗಿರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಗಂಡ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟೆಕ್ನಿಷಿಯನ್. ಇಬ್ಬರದೂ ಕುರಿ ಕಾಯುವ ಮನೆತನ. ಎಪ್ಪತ್ತರ ದಶಕದಲ್ಲಿ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನ ಕುರಿಗಳ ಹಿಂದೆ ನಡೆದವಳು ನಾನು, ಪಿಎಚ್‌.ಡಿ.ಗೆ ವಿಷಯ ಹುಡುಕುವಾಗಲೂ ಕುರಿಗಳ ಹಿಂದೆಯೇ ಹೋದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕುರಿ ಯಾವ ತಿಂಗಳು ಯಾವ ಗಿಡಕ್ಕೆ ಬಾಯಿ ಹಾಕುತ್ತದೆ ಎಂಬುದು ನನ್ನ ಪ್ರಬಂಧ. ಬುಕ್ಕಾಪಟ್ಟಣದ ಕುರುಚಲಿನಲ್ಲಿ, ತಿರುಮಣಿಯ ಬೀಳು ಹೊಲಗಳಲ್ಲಿ ಹಿಂಡಿನ ಹಿಂದೆ ನಡೆದು ಹಾಳೆಗಳ ಮೇಲೆ ಗುರುತು ಹಾಕಿಕೊಂಡು ಬಂದಿದ್ದೆ. ಇಷ್ಟೆಲ್ಲ ಓದಿ ಮತ್ತೆ ಕುರಿ ಬಾಲಕ್ಕೇ ಬಂದ್ಯಾ ತಲ್ಲಿ ಎಂದು ತಿರುಮಣಿಯ ಕುರಿಗಾಹಿಯೊಬ್ಬ ಅರ್ಧ ತೆಲುಗಿನಲ್ಲಿ ನಕ್ಕಿದ್ದ.

ಹಾಳೆಗಳು ಒಂದು ಟ್ರಂಕು ತುಂಬಿದವು. ಅವನ್ನು ಕೂಡಿ ಕಳೆದು ಕೋಷ್ಟಕ ಮಾಡಲು ಕಂಪ್ಯೂಟರ್ ಬೇಕಿತ್ತು. ವಿಶ್ವವಿದ್ಯಾಲಯದ ಯಂತ್ರದ ಮುಂದೆ ನನ್ನ ಸರದಿ ಬರುವ ಹೊತ್ತಿಗೆ ನೋಂದಣಿಯ ಅವಧಿಯೇ ಮುಗಿದುಹೋಗುತ್ತಿತ್ತು. ಮನೆಯಲ್ಲೇ ಒಂದನ್ನು ಜೋಡಿಸೋಣ ಎಂದದ್ದು ಗಂಡ. ಅಥವಾ ನಾನು. ಬೆಂಗಳೂರಿನಿಂದ ಒಂದೊಂದೇ ಭಾಗ ಬಸ್ಸಿನಲ್ಲಿ ಬಂತು: ತಗಡಿನ ಡಬ್ಬ, ಮದರ್ ಬೋರ್ಡ್, ಕೀಲಿಮಣೆ, ಹಸಿರು ಅಕ್ಷರದ ಪರದೆ. ಕೊನೆಗೆ ಉಳಿದದ್ದು ಡ್ರೈವುಗಳು. ಆ ಯಂತ್ರಕ್ಕೆ ಕರೆಂಟು ಇರುವಷ್ಟು ಹೊತ್ತು ಮಾತ್ರ ನೆನಪು. ಕರೆಂಟು ಹೋದರೆ ಅದು ಹುಟ್ಟಿಯೇ ಇರಲಿಲ್ಲ ಎಂಬಂತೆ. ನಾನು ಟೈಪ್ ಮಾಡಿದ್ದು ಉಳಿಯಬೇಕಾದರೆ ಅದನ್ನು ಡ್ರೈವೊಂದು ತಟ್ಟೆಯ ಮೇಲೆ ಬರೆದಿಡಬೇಕು.

ಬೆಂಗಳೂರಿನ ಅಂಗಡಿಯಲ್ಲಿ ಎರಡು ದಾರಿ ತೋರಿಸಿದರು. ಒಂದು ಹಾರ್ಡ್ ಡಿಸ್ಕ್: ಇಟ್ಟಿಗೆಯಷ್ಟು ಭಾರದ, ಮುಚ್ಚಿದ ಪೆಟ್ಟಿಗೆ, ನನ್ನ ಟ್ರಂಕಿನ ಹಾಳೆಗಳೆಲ್ಲ ಅದರ ಒಂದು ಮೂಲೆಗೂ ಸಾಲುತ್ತಿರಲಿಲ್ಲ. ಇನ್ನೊಂದು, ಒಂದರ ಪಕ್ಕ ಒಂದು ಎರಡು ಫ್ಲಾಪಿ ಡ್ರೈವ್. ಅಂಗೈಗಿಂತ ಅಗಲದ, ಕಪ್ಪು ಹೊದಿಕೆಯೊಳಗಿನ ತೆಳು ತಟ್ಟೆಗಳನ್ನು, ಅಂದರೆ ಫ್ಲಾಪಿಗಳನ್ನು, ಅವುಗಳ ಬಾಯಿಗೆ ತುರುಕಬೇಕು, ತೆಗೆಯಬೇಕು.

ಗಂಡನಿಗೆ ಹಾರ್ಡ್ ಡಿಸ್ಕ್ ಬೇಕಿತ್ತು. ನಾನು ಅದನ್ನು ತಿರುಗಿಸಿ ನೋಡಿದೆ. ಬೆನ್ನ ಮೇಲೆ ಒಂದು ಚೀಟಿ ಅಂಟಿಸಿದ್ದರು. ತಯಾರಿಸಿದವರೇ ಬರೆದದ್ದು: ಈ ತಟ್ಟೆಯ ಇಂಥಿಂಥ ಜಾಗಗಳು ಹುಟ್ಟಿನಿಂದಲೇ ಕೆಟ್ಟಿವೆ, ಅಲ್ಲಿ ಏನನ್ನೂ ಬರೆಯಬೇಡಿ. ಎಲ್ಲ ಹಾರ್ಡ್ ಡಿಸ್ಕಿನ ಮೇಲೂ ಹಾಗೆ ಬರೆದಿರುತ್ತದೆ ಎಂದು ಅಂಗಡಿಯವರು ಹೇಳಿದರು.

"ಬೆನ್ ಮೇಲೇ ತನ್ನ ಹುಳುಕು ಬರ್ಕಂಡೈತೆ ಕಣೇ," ಎಂದರು ಗಂಡ. "ಇಷ್ಟು ಸತ್ಯವಂತ ಸಾಮಾನು ಎಲ್ಲಿ ಸಿಕ್ತದೆ ನಿಂಗೆ?"

"ಕುಂಟು ಕುರೀನ ಕುಂಟು ಅಂತ ಹೇಳಿ ಮಾರಿದ್ರೂ ಅದು ಕುಂಟೇ ಅಲ್ವೇನ್ರೀ," ಎಂದೆ.

ಅಂಗಡಿಯವರು ನಕ್ಕರು. ಗಂಡ ನಗಲಿಲ್ಲ. ಆದರೆ ನಾನು ಬೇಡ ಎಂದದ್ದಕ್ಕೆ ನಿಜವಾದ ಕಾರಣ ಆ ಚೀಟಿಯಲ್ಲ. ಒಂದೇ ಪೆಟ್ಟಿಗೆ, ಒಂದೇ ಮನೆ, ಒಳಗಿನದನ್ನು ಕೈಯಲ್ಲಿ ಹಿಡಿದು ಹೊರಗೆ ಒಯ್ಯಲಾಗದು. ಅದು ನನಗೆ ಹಿಡಿಸಲಿಲ್ಲ. ನಮ್ಮತ್ತೆ ಹಾಗೆ ಯಾವುದನ್ನೂ ಇಟ್ಟವರಲ್ಲ.

ಅತ್ತೆ ಇದ್ದದ್ದು ಕೊರಟಗೆರೆ ತಾಲ್ಲೂಕಿನಲ್ಲಿ, ಹೊಳವನಹಳ್ಳಿ ಬಸ್ ಸ್ಟಾಪಿನಿಂದ ಒಳಕ್ಕೆ ನಡೆಯಬೇಕಾದ ಒಂದು ಹಟ್ಟಿಯಲ್ಲಿ. ಬಿತ್ತನೆ ಬೀಜವನ್ನು ಅವರು ಎಂದೂ ಒಂದೇ ಸೂರಿನಡಿ ಇಡುತ್ತಿರಲಿಲ್ಲ. ಅವರ ಮದುವೆಯಾದ ಹೊಸದರಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು ಬೀಜವೆಲ್ಲ ಹೋಗಿತ್ತಂತೆ. ಆಮೇಲಿಂದ ಅರ್ಧ ತಮ್ಮ ಮನೆಯಲ್ಲಿ, ಅರ್ಧ ಪಕ್ಕದ ಊರಿನ ತಂಗಿಯ ಮನೆಯಲ್ಲಿ. ತಂಗಿಯ ಅರ್ಧ ಇವರಲ್ಲಿ. ಎರಡು ಡ್ರೈವ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ನಕಲು ಇಳಿಸಬಹುದು, ನಕಲನ್ನು ಬೇರೆ ಮನೆಗೆ ಕಳಿಸಬಹುದು. ನಾನು ಇದನ್ನು ಅಂಗಡಿಯಲ್ಲೇ ವಾದಿಸಿದೆನೋ ಬಸ್ಸಿನಲ್ಲಿ ಬರುವಾಗ ಹೊಳೆಯಿತೋ ಗೊತ್ತಿಲ್ಲ. ಒಂದು ಹೊಸ ಫ್ಲಾಪಿ ಡ್ರೈವ್ ತಂದೆವು, ಇನ್ನೊಂದನ್ನು ಹಳೆಯದರಲ್ಲಿ ಹುಡುಕುವುದೆಂದು.

ಎರಡನೆಯದು ಶಿರಾದಲ್ಲಿ ಸಿಕ್ಕಿತು. ಗಂಡನಿಗೆ ಪರಿಚಯದ ರೇಡಿಯೋ ರಿಪೇರಿಯವರು, ಬಿಳಿ ಗಡ್ಡದ ಸಾಬರು, ಯಾವುದೋ ಆಫೀಸಿನ ಹಳೆಯ ಯಂತ್ರದಿಂದ ಬಿಚ್ಚಿ ತೆಗೆದದ್ದನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ತಿರುಗಿಸಿದರೆ ಕಿರುಗುಟ್ಟುತ್ತಿತ್ತು. ಗಂಡ ಮುಖ ಸಿಂಡರಿಸಿದರು.

"ಮುದ್ಕ ಐತೆ ಸಾಬ್, ಸುಳ್ ಹೇಳಲ್ಲ," ಎಂದರು ಸಾಬರು. "ಲೇಕಿನ್ ಮನೇಲಿ ಒಬ್ರು ಮುದುಕ್ರು ಇರ್ಬೇಕು. ಗೊಣಗ್ತಾರೆ, ಕೆಲ್ಸ ಮಾಡ್ತಾರೆ."

ಹೊಸದು ಎ, ಮುದುಕ ಬಿ. ನೆಲದ ಮೇಲೆ ಚಾಪೆ ಹಾಸಿ, ನಾನು ಕೈಪಿಡಿಯ ಜೆರಾಕ್ಸ್ ಹಾಳೆಗಳನ್ನು ಗಟ್ಟಿಯಾಗಿ ಓದುತ್ತ, ಗಂಡ ಸ್ಕ್ರೂ ಬಿಗಿಯುತ್ತ, ಯಂತ್ರ ಎದ್ದು ಕೂತಿತು. ಐದಾರು ತಿಂಗಳು ಕಾಲೇಜಿನಿಂದ ಬಂದ ಮೇಲೆ ಟೈಪ್ ಮಾಡಿದೆ. ತಾಲ್ಲೂಕಿಗೊಂದರಂತೆ ನಾಲ್ಕು ಫೈಲು, ನಾಲ್ಕೂ ಒಂದೇ ಫ್ಲಾಪಿಯಲ್ಲಿ. ಗಿಡದ ಹೆಸರು ತಪ್ಪಾಗಿದ್ದಲ್ಲಿ ಪರದೆಯ ಮೇಲೇ ತಿದ್ದಿದೆ; ಟ್ರಂಕಿನ ಹಾಳೆಗಳಲ್ಲಿ ಆ ತಿದ್ದುಪಡಿಗಳು ಇರಲಿಲ್ಲ. ಕೆಲಸದ ಫ್ಲಾಪಿ ಎ ಡ್ರೈವಿನಲ್ಲಿ. ವಾರಕ್ಕೊಮ್ಮೆ ಬಿ ಡ್ರೈವಿನಲ್ಲಿ ಅದರ ನಕಲು. ಭಾನುವಾರ ಬೆಳಗಿನ ಬಸ್ಸಿಗೆ ಹಟ್ಟಿಗೆ ಹೋಗಿ, ಹೊಸ ನಕಲನ್ನು ಅತ್ತೆಗೆ ಕೊಟ್ಟು ಹಳೆಯದನ್ನು ವಾಪಸು ತರುವುದು. ತೇವ ತಾಗಬಾರದು, ಹುಳ ತಿನ್ನಬಾರದು, ಮಡಚಬಾರದು ಎಂದು ಹೇಳಿದ್ದೆ. ಅವರು ತಮ್ಮ ಟ್ರಂಕಿನಲ್ಲಿ ಸೀರೆಗಳ ನಡುವೆ ಇಡುತ್ತಿದ್ದರು.

ಪ್ರಬಂಧದ ಮಾರ್ಗದರ್ಶಕರು ಕೊನೆಯ ಗಡುವು ಕೊಟ್ಟದ್ದು ಆ ದಿನಗಳಲ್ಲೇ. ಶುಕ್ರವಾರ ಕೋಷ್ಟಕಗಳು ಅವರ ಮೇಜಿನ ಮೇಲಿರಬೇಕು. ಇಲ್ಲವಾದರೆ ನೋಂದಣಿ ಮುಂದುವರಿಸಲು ಅವರು ಸಹಿ ಹಾಕುವುದಿಲ್ಲ. ನಾನು ಬಿಟ್ಟುಬಿಡುತ್ತೇನೆ ಎಂದು ಅವರು ಮೊದಲಿಂದಲೂ ನಂಬಿದ್ದರು. ಮದುವೆಯಾದ ಹೆಣ್ಣುಮಕ್ಕಳು ಬಿಟ್ಟುಬಿಡುತ್ತಾರೆ ಎಂದು ನನ್ನೆದುರೇ ಹೇಳಿದ್ದರು, ಬೇಜಾರಿಲ್ಲದೆ, ಹವಾಮಾನ ಹೇಳುವ ಹಾಗೆ.

ಅದರ ಹಿಂದಿನ ಭಾನುವಾರ. ಇಬ್ಬರೂ ಹಟ್ಟಿಗೆ ಹೋಗಿ ಬಂದೆವು. ಮಧುಗಿರಿಯಲ್ಲಿ ಆಗ ಹಗಲು ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ನಾವು ಬಂದಾಗ ಇತ್ತು. ನಾನು ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದೆ. ಗಂಡ, ಹಟ್ಟಿಯಿಂದ ವಾಪಸು ಬಂದ ಫ್ಲಾಪಿ ಸರಿಯಿದೆಯೇ ನೋಡೋಣ ಎಂದು ಎ ಡ್ರೈವಿಗೆ ಹಾಕಿದರು. ಹಾಗೆ ನೋಡುವ ರೂಢಿ ಇರಲಿಲ್ಲ. ಅವತ್ತು ಯಾಕೆ ನೋಡಿದರೋ.

ಮರಳಿನ ಮೇಲೆ ತಟ್ಟೆ ಎಳೆದಂಥ ಸದ್ದು ಅಡುಗೆಮನೆಗೂ ಕೇಳಿತು. ಓದಲಾಗುತ್ತಿಲ್ಲ ಎಂದು ಪರದೆ ಹೇಳಿತು. ಕೆಟ್ಟದ್ದು ಫ್ಲಾಪಿಯೋ ಡ್ರೈವೋ? ತಿಳಿಯಲು ಅವರು ಮಾಡಿದ್ದು, ಯಾರಾದರೂ ಮಾಡುತ್ತಿದ್ದದ್ದೇ: ಸರಿಯಾಗಿದೆ ಎಂದು ಗೊತ್ತಿದ್ದ ಫ್ಲಾಪಿಯನ್ನು ಅದೇ ಡ್ರೈವಿಗೆ ಹಾಕಿದರು. ಅಂದರೆ ನನ್ನ ಕೆಲಸದ ಫ್ಲಾಪಿಯನ್ನು. ಮತ್ತೆ ಅದೇ ಸದ್ದು.

ನಾನು ಓಡಿ ಬಂದು ಅದನ್ನು ಹೊರಗೆಳೆದೆ. ಹೊದಿಕೆಯ ಕಿಂಡಿಯಲ್ಲಿ ಕಾಣುವ ಕಂದು ತಟ್ಟೆಯ ಮೇಲೆ ಸೂಜಿಯಲ್ಲಿ ಗೀಚಿದಂತೆ ಉಂಗುರ ಬಿದ್ದಿತ್ತು. ಹಟ್ಟಿಯಿಂದ ಬಂದದ್ದನ್ನು ಬೆಳಕಿಗೆ ಹಿಡಿದೆ. ಹೊದಿಕೆಯ ಅಂಚಿನಲ್ಲಿ, ಮಡಿಕೆಯಲ್ಲಿ, ಬೂದು ಬಣ್ಣದ ಸಣ್ಣ ಪುಡಿ. ಬೆರಳಲ್ಲಿ ಒರೆಸಿ ಮೂಸಿದೆ. ಒಲೆಯ ಬೂದಿ.

ಕೇಳಬೇಕಾಗಿಯೇ ಇರಲಿಲ್ಲ. ಅವರೆ, ಅಲಸಂದೆ ಬೀಜಕ್ಕೆ ಹುಳ ಬೀಳದಂತೆ ಜರಡಿ ಹಿಡಿದ ಬೂದಿ ಬೆರೆಸಿಡುವುದನ್ನು ನನ್ನ ತಾಯಿಯ ಮನೆಯಲ್ಲೂ ನೋಡಿ ಬೆಳೆದಿದ್ದೆ. ಅತ್ತೆ ಫ್ಲಾಪಿಯನ್ನು ಬೀಜದ ಡಬ್ಬಕ್ಕೆ ಬದಲಾಯಿಸಿದ್ದರು. ನಮಗೆ ಕೊಡುವ ಮೊದಲು ಸೆರಗಿನಿಂದ ಚೊಕ್ಕವಾಗಿ ಒರೆಸಿಯೂ ಕೊಟ್ಟಿದ್ದರು. ಒರೆಸಿದ ಬೂದಿ ಹೊದಿಕೆಯೊಳಗೆ ಹೋಗಿತ್ತು. ಅಲ್ಲಿಂದ ತಟ್ಟೆಗೆ ತಾಗಿ ಓದುವ ಡ್ರೈವಿನ ಹೆಡ್ಡಿಗೆ, ಹೆಡ್ಡಿನಿಂದ ನನ್ನ ತಿಂಗಳುಗಳ ದುಡಿಮೆಯ ಮೇಲಕ್ಕೆ.

ಇನ್ನು ಉಳಿದದ್ದು ಒಂದೇ ನಕಲು. ಅದನ್ನು ಆ ಬೆಳಿಗ್ಗೆ ತಾನೇ ಅತ್ತೆಯ ಕೈಗೆ ಕೊಟ್ಟು ಬಂದಿದ್ದೆವು.

ಹಟ್ಟಿಯಲ್ಲಿ ಫೋನ್ ಇರಲಿಲ್ಲ. ಗಂಡ ಎಕ್ಸ್‌ಚೇಂಜಿನಲ್ಲೇ ಕೆಲಸ ಮಾಡಿಯೂ ತಾಯಿಗೆ ಒಂದು ಮಾತು ಮುಟ್ಟಿಸುವಂತಿರಲಿಲ್ಲ. ನಾನು ಕೊರಟಗೆರೆ ಬಸ್ಸು ಹತ್ತಿದೆ. ಇಲ್ಲಿ ನಮ್ಮ ನೆನಪು ಒಡೆಯುತ್ತದೆ: ಬಸ್ಸು ಹತ್ತಿದ್ದು ತಾವು ಎನ್ನುತ್ತಾರೆ ಗಂಡ. ಕೊರಟಗೆರೆಯಲ್ಲಿ ಬಸ್ಸು ಬದಲಿಸುವಾಗ ಹೊಳವನಹಳ್ಳಿ ಬಸ್ಸು ಹೊರಟುಬಿಟ್ಟಿತ್ತು, ಹಿಂದೆ ಓಡಿ ಏಣಿ ಹಿಡಿದೆ ಎಂದು ವರ್ಣಿಸುತ್ತಾರೆ. ನನಗೆ ಏಣಿ ನೆನಪಿಲ್ಲ. ಕಿಟಕಿಯ ಕಂಬಿ ಹಿಡಿದು, ಅತ್ತೆ ಊಟ ಮಾಡಿ ಆಮೇಲೆ ಎತ್ತಿಡಲಿ, ಮರೆತುಹೋಗಲಿ, ಗೂಡಿನಲ್ಲೇ ಬಿದ್ದಿರಲಿ ಎಂದುಕೊಳ್ಳುತ್ತಿದ್ದದ್ದು ನೆನಪಿದೆ. ಬದುಕಿನಲ್ಲಿ ಕೆಲಸವನ್ನು ಮುಂದಕ್ಕೆ ಹಾಕದವರು ನಮ್ಮತ್ತೆ. ಆ ಒಂದು ದಿನ ಅವರು ಸೋಮಾರಿಯಾಗಲಿ ಎಂದು ಬೇಡಿದ್ದು ಬೇರೆಯವರ ನೆನಪಾಗಿರಲು ಸಾಧ್ಯವಿಲ್ಲ.

ಅವರು ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದರು. ನನ್ನ ಮುಖ ನೋಡಿ ಮೊರ ಕೆಳಗಿಟ್ಟರು.

"ಏನವ್ವಾ, ಈಗ ತಾನೇ ಹೋದೋಳು ಬಂದ್ಬುಟ್ಟೆ?"

"ಆ ಕರೀ ತಟ್ಟೆ ಎಲ್ಲಿಟ್ರಿ ಅತ್ತೆ?"

"ಭದ್ರವಾಗಿ ಇಟ್ಟಿವ್ನಿ ಕಣಮ್ಮ. ಟ್ರಂಕಿಗೆ ಜಿರಲೆ ಬಿದ್ದವೆ ಅಂತ ವಾರದಿಂದ ಬೀಜದ ಡಬ್ಬದಾಗೆ ಇಡ್ತಿವ್ನಿ. ಹುಳ ಅಲ್ಲ, ಹುಳದ ಅಪ್ಪ ಬಂದ್ರೂ ಮುಟ್ಟಲ್ಲ."

ಡಬ್ಬದ ಮುಚ್ಚಳ ಅವರೇ ತೆಗೆದರು. ಬೂದಿಯ ಹಾಸು, ಅದರ ಮೇಲೆ ಫ್ಲಾಪಿ, ಅದರ ಮೇಲೆ ಬೇವಿನ ಎಲೆ, ಮತ್ತೆ ಬೂದಿ. ಮಗುವಿಗೆ ಹೊದಿಸಿದಷ್ಟು ಅಚ್ಚುಕಟ್ಟಾಗಿ. ನಾನು ಎತ್ತಿಕೊಂಡೆ; ಅವರು ಒರೆಸಲು ಸೆರಗು ಹಿಡಿದಾಗ ಕೈ ಅಡ್ಡ ತಂದೆ. ಸ್ವಲ್ಪ ಜೋರಾಗಿಯೇ ತಂದಿರಬೇಕು. ಅವರು ಸೆರಗು ಬಿಟ್ಟು, ಬಾಗಿಲಿಗೆ ಚಿಲಕ ಹಾಕಿ, ಚಪ್ಪಲಿ ಮೆಟ್ಟಿ ನನ್ನ ಹಿಂದೆಯೇ ಬಸ್ ಸ್ಟಾಪಿಗೆ ನಡೆದು ಬಂದರು. ದಾರಿಯುದ್ದಕ್ಕೂ ನಾನು ಫ್ಲಾಪಿಯನ್ನು ತಟ್ಟೆಯಲ್ಲಿ ಆರತಿ ಹಿಡಿದ ಹಾಗೆ ಅಡ್ಡಲಾಗಿ ಹಿಡಿದಿದ್ದೆ, ಬೂದಿ ಇನ್ನೂ ಒಳಗಿಳಿಯದಿರಲಿ ಎಂದು.

ಅಷ್ಟರಲ್ಲಿ ಗಂಡ ಎಕ್ಸ್‌ಚೇಂಜಿಗೆ ಹೋಗಿ ಶಿರಾದ ಸಾಬರಿಗೆ ಫೋನ್ ಮಾಡಿದ್ದರು. ಧೂಳು ತುಂಬಿದ ಹಾಡಿನ ಟೇಪುಗಳನ್ನು ನೀರಲ್ಲಿ ತೊಳೆದು ಒಣಗಿಸಿದ್ದೇನೆ, ಹಾಡಿವೆ ಎಂದರಂತೆ ಸಾಬರು. ಫ್ಲಾಪಿ ತೊಳೆದು ಗೊತ್ತಿಲ್ಲ, ತಮ್ಮ ಮಾತು ನಂಬಿ ಮೇಡಂ ಅವರ ಓದು ಕೆಡಿಸಬೇಡಿ ಎಂದೂ ಹೇಳಿದರಂತೆ. ತೊಳೆಯದೆ ಹಾಕಿದರೆ ಖಂಡಿತ ಹಾಳು. ತೊಳೆದರೆ ಏನಾಗುವುದೋ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾವು ಮಧುಗಿರಿ ಸೇರುವ ಹೊತ್ತಿಗೆ ಗಂಡ ಲಾರಿ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತಂದಿಟ್ಟಿದ್ದರು. ಕರೆಂಟು ಹೋಗಿತ್ತು, ಮತ್ತೆ ನಾಲ್ಕಕ್ಕೆ ಬಂದು ಆರಕ್ಕೆ ಹೋಗುವುದು ವಾಡಿಕೆ. ಬ್ಲೇಡಿನಿಂದ ಹೊದಿಕೆಯ ಅಂಚು ಸೀಳಿದೆ. ಒಳಗಿನ ತಟ್ಟೆ ಒಣಗಿದ ಎಲೆಗಿಂತ ಹಗುರ. ನಡುವಿನ ತೂತಿನ ಅಂಚು ಬಿಟ್ಟು ಬೇರೆಲ್ಲೂ ಮುಟ್ಟದೆ ಹಿಡಿದೆ. ಅತ್ತೆ ಕೇಳದೆಯೇ ಚೊಂಬು ಎತ್ತಿಕೊಂಡು ನೀರು ಬಿಟ್ಟರು, ಸಣ್ಣ ಧಾರೆಯಾಗಿ, ನಿಲ್ಲಿಸದೆ. ಕೆಳಗಿನ ಬೇಸಿನ್ನಿನಲ್ಲಿ ನೀರು ಬೂದು ಬಣ್ಣಕ್ಕೆ ತಿರುಗಿತು. ಅವರು ಆ ನೀರನ್ನು ನೋಡಿದರು. ಅವರಿಗೆ ಅರ್ಥವಾದದ್ದು ಆಗ.

"ನಾನಿಟ್ಟಿದ್ದೇ ಕೆಡಿಸ್ತಾ?"

"ಹೌದು ಅತ್ತೆ," ಎಂದೆ. ಗಂಡ ನನಗೆ ಕಣ್ಸನ್ನೆ ಮಾಡಿದರು. ಬೇರೆ ಉತ್ತರ ಹುಡುಕುವಷ್ಟು ಗಮನ ನನ್ನಲ್ಲಿ ಉಳಿದಿರಲಿಲ್ಲ.

ಧಾರೆ ನಿಲ್ಲಲಿಲ್ಲ.

ನೆರಳಿನಲ್ಲಿ ದಾರ ಕಟ್ಟಿ ತಟ್ಟೆಯನ್ನು ನೇತುಹಾಕಿದೆವು. ಗಾಳಿಗೆ ತಿರುಗಿದಾಗಲೆಲ್ಲ ಎದ್ದುಹೋಗಿ ದಾರ ಹಿಡಿದು ನಿಲ್ಲಿಸುತ್ತಿದ್ದೆ. ಹೊಸ ಫ್ಲಾಪಿಯೊಂದರ ಹೊದಿಕೆ ಸೀಳಿ, ಅದರ ತಟ್ಟೆ ತೆಗೆದು, ನಮ್ಮದನ್ನು ಒಳಗೆ ಜಾರಿಸಿದೆ. ಇನ್ನು ಡ್ರೈವ್. ಯಂತ್ರ ಏಳುವುದು ಎ ಡ್ರೈವಿನಿಂದ ಮಾತ್ರ, ಅದರ ಹೆಡ್ಡಿಗೆ ಬೂದಿ ಹತ್ತಿದೆ. ಸ್ಪಿರಿಟ್ ಹಾಕಿ ಒರೆಸಿದ್ದೇನೆ, ಹೊಸದಲ್ಲವಾ, ಅದಕ್ಕೇ ಹಾಕೋಣ ಎಂದರು ಗಂಡ. ನಾನು ಒಪ್ಪಲಿಲ್ಲ. ಕಿರುಗುಟ್ಟುವ ಮುದುಕ ಅವತ್ತು ಬೂದಿ ಕಂಡಿರಲಿಲ್ಲ, ಈ ತಟ್ಟೆಯ ಮೇಲೆ ಬರೆದದ್ದೂ ಅವನೇ. ಅವರು ಗೊಣಗುತ್ತ ತಗಡು ಬಿಚ್ಚಿ ಎರಡು ಡ್ರೈವುಗಳ ಕೇಬಲ್ ಅದಲುಬದಲು ಮಾಡಿದರು. ಶಿರಾದ ಮುದುಕ ಎ ಆದ.

ಕರೆಂಟು ನಾಲ್ಕಕ್ಕೆ ಬರಲಿಲ್ಲ. ಐದು ದಾಟಿ ಬಂತು.

ಒಂದೇ ಡ್ರೈವಿನಿಂದ ನಕಲು ಮಾಡುವುದೆಂದರೆ ತೊಳೆದ ಫ್ಲಾಪಿ ಹಾಕು, ಯಂತ್ರ ತನ್ನ ನೆನಪಿಗೆ ಏರಿಸಿಕೊಳ್ಳಲಿ, ತೆಗೆ, ಹೊಸ ಫ್ಲಾಪಿ ಹಾಕು, ಇಳಿಸಲಿ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ತೊಳೆದ ತಟ್ಟೆ ಎಷ್ಟು ಸುತ್ತು ತಾಳುವುದೋ ತಿಳಿಯದು. ಯಾವ ತಾಲ್ಲೂಕು ಮೊದಲು? ತಿದ್ದುಪಡಿ ಹೆಚ್ಚಿದ್ದದ್ದು ಶಿರಾದಲ್ಲಿ, ಬುಕ್ಕಾಪಟ್ಟಣದ ಗಿಡಗಳಲ್ಲಿ. ಅದನ್ನೇ ಮೊದಲು ಕೊಟ್ಟೆ. ಮುದುಕ ಕಿರುಗುಟ್ಟಿದ, ನಿಂತ, ಮತ್ತೆ ಕಿರುಗುಟ್ಟಿದ. ಶಿರಾ ಬಂತು. ಮಧುಗಿರಿ ಬಂತು. ಕೊರಟಗೆರೆ ಒಮ್ಮೆ ತಡವರಿಸಿ ಬಂತು.

ಪಾವಗಡದ ಮಧ್ಯದಲ್ಲಿ ನಿಂತುಬಿಟ್ಟಿತು. ಬಿಟ್ಟುಬಿಡಲೇ, ಮತ್ತೆ ಪ್ರಯತ್ನಿಸಲೇ, ಕಡೆಗಣಿಸಿ ಮುಂದೆ ಹೋಗಲೇ ಎಂದು ಪರದೆ ಕೇಳಿತು. ಮತ್ತೆ ಪ್ರಯತ್ನಿಸು ಎಂದು ಒತ್ತಿದೆ. ಅದೇ ಜಾಗ, ಸದ್ದು ಸ್ವಲ್ಪ ಒರಟು. ಇನ್ನೊಮ್ಮೆ. ಇನ್ನೂ ಒರಟು. ಅಲ್ಲೆಲ್ಲೋ ಒಂದು ಕಣ ಉಳಿದಿತ್ತು, ಹೆಡ್ಡು ಅದರ ಮೇಲೇ ಉಜ್ಜುತ್ತಿತ್ತು. ಇನ್ನೊಂದ್ಸಲ, ಬರ್ತದೆ ಕಣೇ, ಇನ್ನೊಂದ್ಸಲ ಎನ್ನುತ್ತಿದ್ದರು ಗಂಡ. ಬಂದರೆ ಪಾವಗಡ ಪೂರ್ತಿ ಸಿಗುತ್ತಿತ್ತು. ಬಾರದಿದ್ದರೆ ಗೀರು ಬೆಳೆದು ಆ ಜಾಗದಾಚೆ ಇದ್ದದ್ದೂ ಹೋಗುತ್ತಿತ್ತು. ಆರು ಹತ್ತಿರವಾಗಿತ್ತು.

ನಾನು ಕಡೆಗಣಿಸು ಎಂಬುದನ್ನು ಒತ್ತಿದೆ. ಡ್ರೈವು ಆ ತುಂಡನ್ನು ದಾಟಿ, ಏನೋ ಕಸ ಬಾಚಿಕೊಂಡು, ಮುಂದೆ ಹೋಯಿತು. ಉಳಿದ ಪಾವಗಡ ಬಂತು. ಹೊಸ ಫ್ಲಾಪಿಗೆ ಇಳಿಯಿತು. ಅದರ ಇನ್ನೊಂದು ನಕಲೂ ಆಯಿತು. ಕರೆಂಟು ಹೋಗಿ ಪರದೆ ಆರಿದ್ದು ಅದಾದ ಮೇಲೆಯೇ.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಎದ್ದು ದೀಪ ಹಚ್ಚಿದರು.

"ಮುಂದಿನ್ ವಾರಾನೂ ನಂಗೇ ಕೊಡ್ತೀಯಾ, ಇಲ್ಲಾ ಬ್ಯಾರೆ ಮನೆ ನೋಡ್ಕಂಡ್ಯಾ?"

"ನಿಮಗೇ ಅತ್ತೆ. ಬೂದಿ ಮಾತ್ರ ಬೇಡ."

"ಬೂದಿ ಬ್ಯಾಡ ಅಂತ ಮೊದ್ಲೇ ಒಂದ್ ಮಾತು ಅಂದಿದ್ರೆ ಆಯ್ತಿತ್ತಲ್ಲ ತಾಯಿ," ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಪಾವಗಡದ ಫೈಲು ತೆರೆದರೆ ಸಾಲುಗಳ ನಡುವೆ ಒಂದು ತೇಪೆಯಷ್ಟು ಅರ್ಥವಿಲ್ಲದ ಚಿಹ್ನೆಗಳು ಕೂತಿದ್ದವು, ಮುಖಗಳು, ಬಾಣಗಳು, ಚೌಕಗಳು. ಆ ತೇಪೆಯನ್ನು ಅಳಿಸಿ, ಟ್ರಂಕಿನಿಂದ ತಿರುಮಣಿಯ ಹಾಳೆಗಳನ್ನು ಹುಡುಕಿ ತೆಗೆದು ಮತ್ತೆ ತುಂಬಿದೆ; ಗಂಡ ಓದಿದರು, ನಾನು ಟೈಪ್ ಮಾಡಿದೆ. ಎಲ್ಲವನ್ನೂ ಮತ್ತೆ ತುಂಬಬೇಕಾಗಿದ್ದರೆ ಮುಂದಿನ ಮಳೆಗಾಲ ಬರುತ್ತಿತ್ತು. ಇದು ಗುರುವಾರದ ಹೊತ್ತಿಗೆ ಮುಗಿಯಿತು. ನಾಲ್ಕೂ ಫೈಲು ಬಂದಿದ್ದವು, ಪಾವಗಡವೂ ಪೂರ್ತಿ ಬಂದಿತ್ತು ಎನ್ನುತ್ತಾರೆ ಗಂಡ. ಆಗಾಗ ಪ್ರಬಂಧ ತೆರೆದು ಆ ಕೋಷ್ಟಕ ನೋಡುತ್ತೇನೆ. ಯಾವ ಅಂಕಿ ತೊಳೆದ ತಟ್ಟೆಯಿಂದ ಬಂದದ್ದು, ಯಾವುದು ನನ್ನ ಬೆರಳಿನಿಂದ ಎರಡನೇ ಸಲ ಬಂದದ್ದು ಎಂದು ಹೇಳುವ ಗುರುತು ಎಲ್ಲೂ ಇಲ್ಲ.

ಶುಕ್ರವಾರ ಪ್ರಿಂಟ್ ಹಾಕಿಸಿದ ಕೋಷ್ಟಕಗಳನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಶಿರಾದ ಪುಟ ನೋಡಿದರು, ಮಧುಗಿರಿಯದನ್ನು ಅರ್ಧ ನೋಡಿದರು, ಪೆನ್ನು ಕೇಳಿದರು. ಅವರದರಲ್ಲಿ ಇಂಕು ಮುಗಿದಿತ್ತು. ನನ್ನದನ್ನು ಕೊಟ್ಟೆ. ಸಹಿ ಹಾಕುವಷ್ಟು ಹೊತ್ತೂ ನನ್ನ ಕಣ್ಣು ಅವರು ತಿರುವದೇ ಬಿಟ್ಟ ಪಾವಗಡದ ಪುಟದ ಮೇಲೆಯೇ ಇತ್ತು.